ಪಾರ್ಶ್ವವಾಯುವಿನ ನಂತರ: ಕಳೆದುಹೋದ ಚಲನೆಯ ಮರುಕಲಿಕೆ

ಎದ್ದು ನಿಲ್ಲುವುದು, ನಡೆಯುವುದು, ತುತ್ತನ್ನು ಬಾಯಿಗಿಡುವುದು ಇವೆಲ್ಲ ಮನುಷ್ಯನ ದಿನನಿತ್ಯದ ಸಹಜ ಕ್ರಿಯೆಗಳು. ಇವುಗಳ ಹಿಂದೆ ಮಿದುಳಿನ ಎಷ್ಟು ದೊಡ್ಡ ಕಾರ್ಯವಿದೆಯೆಂಬುದು ಅವು ನಿಂತುಹೋದಾಗ ಮಾತ್ರ ಅರಿವಿಗೆ ಬರುತ್ತದೆ. ಪಾರ್ಶ್ವವಾಯು ಅಂತಹ ಸಂದರ್ಭಗಳಲ್ಲೊಂದು. ಹಿಂದಿನ ಸಂಜೆಯವರೆಗೆ ತೋಟದಲ್ಲಿ ದುಡಿದವನು ಮರುದಿನ ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಒಂದು ಕಾಲು ಸ್ವಾಧೀನ ತಪ್ಪಿ ಹಾಸಿಗೆಯಿಂದ ಏಳಲಾರದೆ ಹೋಗುತ್ತಾನೆ. ಜನರು ಇದನ್ನು ಲಕ್ವವೆಂದೂ ಅರ್ಧಾಂಗವಾಯುವೆಂದೂ ಕರೆಯುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ಕಾಯಿಲೆಯ ಕಷ್ಟಕ್ಕೆ ನೆಲದ ಸ್ವರೂಪವೂ ಸೇರಿಕೊಳ್ಳುತ್ತದೆ. ಇಲ್ಲಿಯ ಅನೇಕ ಮನೆಗಳು ಒಂದಕ್ಕೊಂದು ದೂರವಾಗಿ, ಅಡಿಕೆ ತೋಟಗಳ ತಲೆಯಲ್ಲಿ, ಕಾಡಿನ ಅಂಚಿನಲ್ಲಿ ಇವೆ. ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿಯು ಶಿರಸಿಯಿಂದ ಸುಮಾರು ೧೦೦ ಕಿಲೋಮೀಟರ್, ಯಲ್ಲಾಪುರದಿಂದ ಸುಮಾರು ೭೦ ಕಿಲೋಮೀಟರ್ ದೂರದಲ್ಲಿದೆ. ಸಿದ್ದಾಪುರದ ಕಡೆಯವರಿಗೆ ಸಾಗರದ ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗುವ ದಾರಿಯೂ ಉಂಟು. ಅಲ್ಲಿ ಕೆಲವು ದಿನ ಚಿಕಿತ್ಸೆ ಪಡೆದು, ಪ್ರಾಣಾಪಾಯ ಕಳೆದ ಮೇಲೆ ರೋಗಿಯು ಮನೆಗೆ ಮರಳುತ್ತಾನೆ. ಆದರೆ ಕೈಕಾಲುಗಳನ್ನು ಮರಳಿ ಪಡೆಯುವ ಕಾರ್ಯಕ್ಕೆ ಬೇಕಾದುದು ದಿನಗಳಲ್ಲ, ತಿಂಗಳುಗಳು. ಆ ತಿಂಗಳುಗಳು ಕಳೆಯುವುದು ಮನೆಯಲ್ಲಿ. ಅಲ್ಲಿ ನಡೆಯುವ ಉಪಚಾರವು ತಿಳಿವಳಿಕೆಯಿಂದ ಕೂಡಿರುವುದೋ ಇಲ್ಲವೋ ಎಂಬುದರ ಮೇಲೆ ರೋಗಿಯ ಮುಂದಿನ ಬದುಕು ಬಹುಮಟ್ಟಿಗೆ ನಿಂತಿರುತ್ತದೆ.

ಮಿದುಳಿನಲ್ಲಿ ಆಗುವುದೇನು?

ಮಿದುಳಿಗೆ ರಕ್ತವನ್ನು ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ, ಇಲ್ಲವೆ ನಾಳವು ಒಡೆದು ರಕ್ತ ಸೋರಿದಾಗ, ಆ ಭಾಗದ ನರಕೋಶಗಳು ಪ್ರಾಣವಾಯುವಿಲ್ಲದೆ ನಾಶವಾಗತೊಡಗುತ್ತವೆ. ಇದೇ ಪಾರ್ಶ್ವವಾಯು. ಹೆಪ್ಪಿನಿಂದ ಆದುದಾದರೆ ಅದನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುತ್ತದೆ. ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಪರೀಕ್ಷೆ ಆಗಲೇಬೇಕು. ಆದುದರಿಂದ ಮುಖ ಸೊಟ್ಟಗಾದುದು, ಕೈ ಜೋತುಬಿದ್ದುದು, ಮಾತು ತೊದಲಿದುದು ಕಂಡ ಗಳಿಗೆಯಲ್ಲಿಯೇ ೧೦೮ಕ್ಕೆ ಕರೆ ಮಾಡಿ ಹೊರಡುವುದು ಉಚಿತ. ನಾಟಿ ಔಷಧಕ್ಕೆಂದು ಮೊದಲ ದಿನವನ್ನು ಕಳೆದರೆ ಆ ಅವಕಾಶವು ಮತ್ತೆ ಬಾರದು.

ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ, ಬಲಭಾಗವು ಎಡಭಾಗವನ್ನೂ ಆಳುತ್ತದೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರವು ಎಡಗಡೆಯಲ್ಲಿರುವುದರಿಂದ ಬಲಗೈ ಬಿದ್ದವರಲ್ಲಿ ಹಲವರಿಗೆ ಮಾತೂ ಕೆಡುತ್ತದೆ. ಎಡಭಾಗ ಬಿದ್ದವರಲ್ಲಿ ಕೆಲವರಿಗೆ ತಮ್ಮ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ಎಲೆಯ ಎಡಭಾಗಕ್ಕೆ ಬಡಿಸಿದ್ದನ್ನು ಹಾಗೆಯೇ ಬಿಟ್ಟು ಏಳುತ್ತಾರೆ. ಇದನ್ನು ಹಟವೆಂದೋ ಅರಳುಮರಳೆಂದೋ ತಿಳಿಯಬಾರದು.

ಸತ್ತ ನರಕೋಶಗಳು ಮರಳಿ ಹುಟ್ಟಿ ಆ ಸ್ಥಾನವನ್ನು ತುಂಬುವುದಿಲ್ಲ. ಆದರೆ ಉಳಿದ ಕೋಶಗಳು ಹೊಸ ಸಂಬಂಧಗಳನ್ನು ಬೆಳೆಸಿಕೊಂಡು, ಸತ್ತವುಗಳ ಕೆಲಸವನ್ನು ಸ್ವಲ್ಪಮಟ್ಟಿಗೆ ತಾವು ವಹಿಸಿಕೊಳ್ಳಬಲ್ಲವು. ಬಂಡೆ ಬಿದ್ದು ಕಾಲುದಾರಿ ಮುಚ್ಚಿಹೋದಾಗ ಜನರು ಪಕ್ಕದಲ್ಲಿ ತುಳಿತುಳಿದು ಹೊಸ ದಾರಿ ಮಾಡುವಂತೆ ಇದೂ ಬಳಕೆಯಿಂದಲೇ ಆಗುವಂತಹುದು. ತುಳಿಯದಿದ್ದರೆ ದಾರಿಯಿಲ್ಲ. ಈ ಬದಲಾವಣೆಯು ಮೊದಲ ಮೂರರಿಂದ ಆರು ತಿಂಗಳುಗಳಲ್ಲಿ ವೇಗವಾಗಿ ನಡೆಯುತ್ತದೆ. ಅನಂತರ ನಿಧಾನವಾದರೂ ಪೂರ್ತಿಯಾಗಿ ನಿಲ್ಲುವುದಿಲ್ಲ.

ಸ್ನಾಯುವಿನಿಂದ ನರಮಂಡಲದ ಕಡೆಗೆ

ಭೌತಚಿಕಿತ್ಸೆ ಅಥವಾ ಫಿಸಿಯೋಥೆರಪಿ ಎಂಬ ಶಾಸ್ತ್ರವು ೨೦ನೆಯ ಶತಮಾನದ ಮೊದಲರ್ಧದಲ್ಲಿ ಬೆಳೆದುದು ಮುಖ್ಯವಾಗಿ ಯುದ್ಧದ ಗಾಯಾಳುಗಳ ಮತ್ತು ಪೋಲಿಯೋ ಪೀಡಿತರ ಸೇವೆಯಲ್ಲಿ. ಪೋಲಿಯೋದಲ್ಲಿ ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರದ ಮೂಲಕೋಶವೇ ಹಾಳಾಗಿ ಸ್ನಾಯು ಸೊರಗುತ್ತದೆ. ಆದುದರಿಂದ ಒಂದೊಂದೇ ಸ್ನಾಯುವನ್ನು ಪರೀಕ್ಷಿಸಿ, ಉಳಿದ ಶಕ್ತಿಯನ್ನು ಬಲಪಡಿಸುವುದು ಆಗಿನ ಪದ್ಧತಿಯಾಗಿತ್ತು.

ಪಾರ್ಶ್ವವಾಯುವಿನಲ್ಲಿ ಸ್ನಾಯುವಿಗೂ ಅದರ ನರಕ್ಕೂ ನೇರವಾದ ರೋಗವಿಲ್ಲ. ಕೆಟ್ಟಿರುವುದು ಮೇಲಿನಿಂದ ಬರುವ ಆಜ್ಞೆ. ಆರಂಭದಲ್ಲಿ ಕೈಕಾಲು ಜೋಲುತ್ತವೆ. ಕ್ರಮೇಣ ಅನೇಕರಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ: ಮೊಣಕೈ ಮಡಿಸಿ, ಮುಷ್ಟಿ ಕಟ್ಟಿ, ಕೈ ಎದೆಗೆ ಅಂಟಿಕೊಳ್ಳುತ್ತದೆ, ಕಾಲು ಕೋಲಿನಂತೆ ನೆಟ್ಟಗಾಗಿ ಹೆಜ್ಜೆಯು ಅರ್ಧಚಂದ್ರಾಕಾರವಾಗಿ ಬೀಳುತ್ತದೆ. ಒಂದು ಕೀಲನ್ನು ಅಲುಗಿಸಹೋದರೆ ಇಡೀ ಅಂಗವೇ ಕಟ್ಟುಹಾಕಿದಂತೆ ಒಟ್ಟಿಗೆ ಚಲಿಸುತ್ತದೆ. ಬರಿಯ ಸ್ನಾಯುಬಲದ ವ್ಯಾಯಾಮವು ಇದಕ್ಕೆ ಉತ್ತರವಾಗಲಾರದೆಂದು ಮನಗಂಡ ಕೆಲವರು ನರಮಂಡಲದ ಕ್ರಿಯೆಯನ್ನೇ ಆಧಾರವಾಗಿಟ್ಟುಕೊಂಡ ಪದ್ಧತಿಗಳನ್ನು ೧೯೪೦ರ ದಶಕದಿಂದ ರೂಪಿಸತೊಡಗಿದರು. ಇವುಗಳಿಗೆ ನರಕ್ರಿಯಾಧಾರಿತ ಭೌತಚಿಕಿತ್ಸೆ ಎಂದು ಹೆಸರು ಕೊಡಬಹುದು.

ಎರಡು ಪದ್ಧತಿಗಳ ಭಿನ್ನಮತ

ಬರ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಬರ್ಟಾ ಬೋಬಾತ್ ಮತ್ತು ಆಕೆಯ ಪತಿ, ವೈದ್ಯ ಕಾರೆಲ್ ಬೋಬಾತ್ ಇವರ ಪದ್ಧತಿ ಬಹು ಪ್ರಸಿದ್ಧವಾದುದು. ಬಿಗಿತವು ಮಾರ್ಪಡಿಸಲಾಗದ ಸ್ಥಿತಿಯಲ್ಲ, ದೇಹವನ್ನು ಹಿಡಿಯುವ ಮತ್ತು ಕೂರಿಸುವ ರೀತಿಯಿಂದ ಅದು ಸಡಿಲವಾಗುತ್ತದೆ ಎಂಬುದನ್ನು ಆಕೆ ರೋಗಿಗಳಲ್ಲಿ ಕಂಡುಕೊಂಡರು. ಚಿಕಿತ್ಸಕಿಯು ರೋಗಿಯ ಭುಜ, ಸೊಂಟ ಮುಂತಾದ ಮುಖ್ಯ ಸ್ಥಾನಗಳಲ್ಲಿ ಕೈಯಿಟ್ಟು ತಪ್ಪು ಚಲನೆಯನ್ನು ತಡೆದು, ಸಹಜ ಚಲನೆಯ ಅನುಭವವನ್ನು ಆತನಿಗೆ ಮತ್ತೆ ಮತ್ತೆ ಮಾಡಿಸಬೇಕು. ಒಳ್ಳೆಯ ಬದಿಯಿಂದಲೇ ಎಲ್ಲವನ್ನೂ ನಿಭಾಯಿಸುವ ಅಭ್ಯಾಸಕ್ಕೆ ಎಡೆಗೊಡದೆ, ಬಿದ್ದ ಬದಿಯ ಮೇಲೆ ಭಾರ ಹಾಕಿಸಬೇಕು ಎಂಬುದು ಆಕೆಯ ಮತ. ಈ ಕುರಿತಾದ ಆಕೆಯ ಗ್ರಂಥವು ೧೯೭೦ರಲ್ಲಿ ಹೊರಬಂದಿತು.

ಅದೇ ೧೯೭೦ರಲ್ಲಿ, ಸ್ವೀಡನ್ನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಸಿಗ್ನೆ ಬ್ರುನ್‌ಸ್ಟ್ರೋಮ್ ಅವರ ಗ್ರಂಥವೂ ಪ್ರಕಟವಾಯಿತು. ಆಕೆಯ ಮತ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಚೇತರಿಕೆಗೆ ಆರು ಹಂತಗಳಿವೆ: ಮೊದಲು ಜೋಲುವ ಸ್ಥಿತಿ, ಎರಡನೆಯದರಲ್ಲಿ ಬಿಗಿತದ ಆರಂಭ, ಮೂರನೆಯದರಲ್ಲಿ ಬಿಗಿತದ ಪರಮಾವಧಿ, ಅಂಗವು ಕಟ್ಟಾಗಿ ಚಲಿಸುವುದು, ನಾಲ್ಕು ಮತ್ತು ಐದರಲ್ಲಿ ಆ ಕಟ್ಟು ಸಡಿಲಿ ಒಂದೊಂದೇ ಕೀಲು ಸ್ವತಂತ್ರವಾಗುವುದು, ಆರನೆಯದರಲ್ಲಿ ಸಹಜಕ್ಕೆ ಹತ್ತಿರವಾದ ಚಲನೆ. ಎಲ್ಲರೂ ಕೊನೆಯ ಹಂತವನ್ನು ಮುಟ್ಟುವುದಿಲ್ಲ. ಯಾವ ಹಂತದಲ್ಲಿಯೂ ಚೇತರಿಕೆ ನಿಲ್ಲಬಹುದು. ಕಟ್ಟಾದ ಚಲನೆಯೂ ಚೇತರಿಕೆಯ ಒಂದು ಮೆಟ್ಟಿಲೇ ಆದುದರಿಂದ ಆರಂಭದಲ್ಲಿ ಅದನ್ನು ತಡೆಯದೆ ಬಳಸಿಕೊಂಡು, ಅನಂತರ ಬಿಡಿಸಬೇಕೆಂದು ಆಕೆ ಹೇಳಿದರು. ಬೋಬಾತರು ತಡೆಯಬೇಕೆಂದುದನ್ನೇ ಬ್ರುನ್‌ಸ್ಟ್ರೋಮರು ಏಣಿಯಾಗಿ ಹಿಡಿದರು.

ಇವರಲ್ಲದೆ ಅಮೆರಿಕದ ವೈದ್ಯ ಹರ್ಮನ್ ಕಬಾಟ್ ಮತ್ತು ಚಿಕಿತ್ಸಕಿ ಮಾರ್ಗರೆಟ್ ನಾಟ್ ಇನ್ನೊಂದು ಮಾರ್ಗವನ್ನು ತೋರಿಸಿದರು. ನಿತ್ಯದ ಕೆಲಸಗಳಲ್ಲಿ ಕೈಕಾಲುಗಳು ನೇರ ರೇಖೆಯಲ್ಲಿ ಚಲಿಸದೆ ಓರೆಯಾಗಿ, ತುಸು ತಿರುಚುತ್ತ ಚಲಿಸುತ್ತವೆ. ಕತ್ತಿ ಬೀಸುವಾಗ ಇದನ್ನು ಯಾರೂ ಗಮನಿಸಬಹುದು. ಅಂತಹ ಓರೆ ಚಲನೆಗಳಿಗೆ ಚಿಕಿತ್ಸಕರು ಹದವಾದ ತಡೆಯೊಡ್ಡುತ್ತ, ಸ್ಪರ್ಶದಿಂದಲೂ ಮಾತಿನ ಆಜ್ಞೆಯಿಂದಲೂ ನರಗಳನ್ನು ಎಚ್ಚರಿಸುವುದು ಈ ಪದ್ಧತಿಯ ತಿರುಳು.

ಕೆಲಸದ ಮೂಲಕ ಕಲಿಕೆ

ಆಸ್ಟ್ರೇಲಿಯದ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಪರ್ಡ್ ೧೯೮೨ರಲ್ಲಿ ಹೊಸ ದೃಷ್ಟಿಯನ್ನು ಮುಂದಿಟ್ಟರು. ಈಜು ಕಲಿಯಬೇಕಾದವನು ನೀರಿಗೆ ಇಳಿಯಬೇಕು. ಹಾಗೆಯೇ ಎದ್ದು ನಿಲ್ಲುವುದನ್ನು ಕಲಿಯಲು ಎದ್ದು ನಿಲ್ಲುವುದನ್ನೇ ಅಭ್ಯಾಸ ಮಾಡಬೇಕು. ಚಿಕಿತ್ಸಕರು ಶಿಕ್ಷಕರಂತೆ, ಕಲಿಯುವವನು ರೋಗಿಯೇ. ಅಮೆರಿಕದ ಎಡ್ವರ್ಡ್ ಟಾಬ್ ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದರು. ಬಿದ್ದ ಕೈ ಮೊದಮೊದಲು ಸೋಲುವುದರಿಂದ ರೋಗಿಯು ಅದನ್ನು ಬಳಸುವುದನ್ನೇ ಬಿಡುತ್ತಾನೆ. ಮುಂದೆ ಶಕ್ತಿ ಮರಳಿದರೂ ಬಿಟ್ಟ ಅಭ್ಯಾಸವು ಮರಳುವುದಿಲ್ಲ. ಒಳ್ಳೆಯ ಕೈಗೆ ಚೀಲ ತೊಡಿಸಿ ಬಿದ್ದ ಕೈಯಿಂದಲೇ ಕೆಲಸ ಮಾಡಿಸುವ ಅವರ ಕ್ರಮವನ್ನು ೨೨೨ ರೋಗಿಗಳಲ್ಲಿ ಪರೀಕ್ಷಿಸಿದ ವರದಿಯು ೨೦೦೬ರಲ್ಲಿ ಪ್ರಕಟವಾಗಿ, ಅದರ ಪ್ರಯೋಜನವನ್ನು ದೃಢಪಡಿಸಿತು. ಆದರೆ ಮಣಿಕಟ್ಟು ಮತ್ತು ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೆ ಮಾತ್ರ ಇದು ಹೊಂದುತ್ತದೆ.

ಯಾವುದು ಶ್ರೇಷ್ಠ?

ಇಷ್ಟು ಪದ್ಧತಿಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ೯೬ ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನೂ ಒಳಗೊಂಡ ೨೦೧೪ರ ಕಾಕ್ರೇನ್ ಸಮೀಕ್ಷೆಯು, ಭೌತಚಿಕಿತ್ಸೆಯಿಂದ ನಿಶ್ಚಯವಾಗಿ ಲಾಭವುಂಟು, ಆದರೆ ಯಾವೊಂದು ಪದ್ಧತಿಯೂ ಉಳಿದವುಗಳಿಗಿಂತ ಶ್ರೇಷ್ಠವೆಂದು ಸಿದ್ಧವಾಗಿಲ್ಲ ಎಂದು ತಿಳಿಸಿತು. ದಿನಕ್ಕೆ ೩೦ರಿಂದ ೬೦ ನಿಮಿಷ, ವಾರಕ್ಕೆ ಐದರಿಂದ ಏಳು ದಿನ ನಡೆಸಿದ ಚಿಕಿತ್ಸೆಯಿಂದ ಒಳ್ಳೆಯ ಫಲ ಕಂಡುಬಂದಿತು. ಪದ್ಧತಿಯ ಹೆಸರಿಗಿಂತ ರೋಗಿಯ ಸ್ಥಿತಿಗೆ ತಕ್ಕ ಆಯ್ಕೆಯೂ ಅಭ್ಯಾಸದ ಪ್ರಮಾಣವೂ ಮುಖ್ಯ.

ಹಾಗೆಂದು ಆತುರವೂ ಸಲ್ಲದು. ಐದು ದೇಶಗಳ ೨೧೦೪ ರೋಗಿಗಳನ್ನು ಕುರಿತ ೨೦೧೫ರ ಅಧ್ಯಯನದಲ್ಲಿ, ಮೊದಲ ೨೪ ಗಂಟೆಗಳೊಳಗೇ ಹೆಚ್ಚು ಹೆಚ್ಚು ಎಬ್ಬಿಸಿ ನಡೆದಾಡಿಸಿದವರ ಚೇತರಿಕೆಯು ಉಳಿದವರಿಗಿಂತ ಸ್ವಲ್ಪ ಕಡಿಮೆಯೇ ಆಯಿತು. ಎಬ್ಬಿಸುವ ಸಮಯವನ್ನು ವೈದ್ಯರು ನಿರ್ಣಯಿಸಬೇಕು.

ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ ಅಧ್ಯಯನವೂ ಒಂದಿದೆ. ಮನೆಯವರಿಗೇ ತರಬೇತಿ ಕೊಟ್ಟರೆ ಸಾಕಾಗುವುದೇ ಎಂದು ಭಾರತದ ೧೪ ಆಸ್ಪತ್ರೆಗಳ ೧೨೫೦ ರೋಗಿಗಳಲ್ಲಿ ಪರೀಕ್ಷಿಸಲಾಯಿತು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕವಾಗಿತ್ತು: ಆರು ತಿಂಗಳ ನಂತರ ಮೃತರಾದವರು ಅಥವಾ ಪರಾಧೀನರಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇಕಡ ೪೭. ಮನೆಯವರ ಪ್ರೀತಿಯು ಚಿಕಿತ್ಸಕರ ಸ್ಥಾನವನ್ನು ತುಂಬಲಾರದು ಎಂಬುದು ಇದರಿಂದ ಸ್ಪಷ್ಟ. ಆದರೆ ಚಿಕಿತ್ಸಕರು ಇರುವುದು ದಿನದಲ್ಲಿ ಒಂದು ಗಂಟೆ. ಉಳಿದ ಗಂಟೆಗಳು ಮನೆಯವರ ಕೈಯಲ್ಲಿವೆ. ಆ ಗಂಟೆಗಳಲ್ಲಿ ಕಲಿತುದು ಹಾಳಾಗದಂತೆ, ಬೆಳೆಯುವಂತೆ ನೋಡಿಕೊಳ್ಳುವುದು ಅವರ ಪಾಲಿನ ಕರ್ತವ್ಯ.

ಮನೆಯೇ ಅಭ್ಯಾಸಶಾಲೆ

ಮೊದಲನೆಯದಾಗಿ, ಬಿದ್ದ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು. ಕಂಕುಳಿಗೆ ಕೈಕೊಟ್ಟು ಎತ್ತಲೂಬಾರದು. ಸ್ನಾಯುಗಳ ಆಸರೆ ತಪ್ಪಿದ ಭುಜದ ಕೀಲು ಸುಲಭವಾಗಿ ಜಾರಿ, ತಿಂಗಳುಗಟ್ಟಲೆ ನೋವು ಕೊಡುತ್ತದೆ. ಬಿದ್ದ ಬದಿಯಲ್ಲಿ ನಿಂತು, ಸೊಂಟಕ್ಕೆ ಬಿಗಿದ ಪಟ್ಟಿಯನ್ನೋ ಬೆನ್ನನ್ನೋ ಹಿಡಿದು ಆಸರೆ ಕೊಡಬೇಕು. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕೈ ಜೋಲದಂತೆ ಮಡಿಸಿದ ಕಂಬಳಿಯ ಮೇಲೆ ಇರಿಸಬೇಕು. ನುಂಗುವ ಶಕ್ತಿಯನ್ನು ಪರೀಕ್ಷಿಸದೆ ನೀರನ್ನಾಗಲಿ ಗಂಜಿಯನ್ನಾಗಲಿ ಬಾಯಿಗೆ ಹಾಕಬಾರದು. ನೆಟ್ಟಗೆ ಕೂರಿಸಿದ ಮೇಲೆಯೇ ಉಣಿಸಬೇಕು.

ಎದ್ದು ನಿಲ್ಲುವ ಅಭ್ಯಾಸಕ್ಕೆ ಎತ್ತರದ ಪೀಠ ಸುಲಭ. ಮೊದಲು ಎತ್ತರದ ಕುರ್ಚಿ, ಆಮೇಲೆ ಜಗಲಿಯ ಕಟ್ಟೆ, ಕೊನೆಗೆ ಮಣೆ ಹೀಗೆ ಕ್ರಮವಾಗಿ ಇಳಿಯಬಹುದು. ಮಲೆನಾಡಿನ ಮನೆಗಳ ಎತ್ತರದ ಹೊಸ್ತಿಲು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಬಚ್ಚಲಿನ ಜಾರುವ ಕಲ್ಲು, ತೋಟಕ್ಕೆ ಇಳಿಯುವ ಮೆಟ್ಟಿಲು ಇವು ಬೀಳುವ ಸ್ಥಳಗಳು. ಗೋಡೆಯ ಉದ್ದಕ್ಕೂ ನಯಗೊಳಿಸಿದ ಅಡಿಕೆ ದಬ್ಬೆಯನ್ನೋ ಬಿದಿರನ್ನೋ ಭದ್ರವಾಗಿ ಕಟ್ಟಿದರೆ ಹಿಡಿದು ನಡೆಯಲು ಆಧಾರ ದೊರೆಯುತ್ತದೆ, ಖರ್ಚೂ ಹೆಚ್ಚಿಲ್ಲ.

ಕೈಯ ಅಭ್ಯಾಸಕ್ಕೂ ಮನೆಯಲ್ಲಿಯೇ ಸಾಧನಗಳಿವೆ. ಅಡಿಕೆಯನ್ನು ಆರಿಸಿ ಬೇರೆ ಬೇರೆ ಬುಟ್ಟಿಗೆ ಹಾಕುವುದು, ಕಾಳುಮೆಣಸನ್ನು ಕೆದರಿ ಹರಡುವುದು, ಬಾಳೆಯೆಲೆ ಒರೆಸುವುದು, ಬತ್ತಿ ಹೊಸೆಯುವುದು ಇವೆಲ್ಲ ಬೆರಳುಗಳ ಉತ್ತಮ ವ್ಯಾಯಾಮಗಳು. ಮುಷ್ಟಿ ಕಟ್ಟುವುದಕ್ಕಿಂತ ಬಿಡಿಸುವುದು ಇಂತಹವರಿಗೆ ಕಷ್ಟ. ಆದುದರಿಂದ ಹಿಡಿದುದನ್ನು ಬಿಡುವ ಅಭ್ಯಾಸಕ್ಕೆ ಹೆಚ್ಚು ಗಮನ ಬೇಕು. ಎಣ್ಣೆ ತಿಕ್ಕುವುದರಿಂದ ಹಿತವಾದೀತು. ಆದರೆ ತಿಕ್ಕುವಾಗ ದುಡಿಯುವುದು ತಿಕ್ಕುವವನ ಕೈ. ಮಿದುಳು ಕಲಿಯುವುದು ರೋಗಿಯು ತಾನೇ ಯತ್ನಿಸಿದಾಗ. ಅಂಗಿಯ ಗುಂಡಿ ಹಾಕಲು ಆತನಿಗೆ ಕಾಲುಗಂಟೆ ಹಿಡಿದರೂ ಕಾಯುವ ತಾಳ್ಮೆ ಮನೆಯವರಿಗೆ ಇರಬೇಕು. ಎಲ್ಲವನ್ನೂ ತಾವೇ ಮಾಡಿಕೊಡುವ ಅಕ್ಕರೆಯು ಆತನನ್ನು ಹಾಸಿಗೆಗೆ ಕಟ್ಟಿಹಾಕೀತು.

ಕಾಯಿಲೆಯ ನಂತರ ಅನೇಕರನ್ನು ಖಿನ್ನತೆ ಆವರಿಸುತ್ತದೆ. ಅಭ್ಯಾಸದಲ್ಲಿ ನಿರಾಸಕ್ತಿಗೆ ಅದೇ ಕಾರಣವಿರಬಹುದು, ಅದಕ್ಕೂ ಔಷಧವುಂಟು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಿದರೆ ಎರಡನೆಯ ಆಘಾತಕ್ಕೆ ದಾರಿ ಮಾಡಿಕೊಟ್ಟಂತೆ.

ಈ ಮೂರು ತಾಲ್ಲೂಕುಗಳ ದೂರದ ಹಳ್ಳಿಗಳಲ್ಲಿ ತರಬೇತಿ ಪಡೆದ ಭೌತಚಿಕಿತ್ಸಕರ ಅಗತ್ಯ ದೊಡ್ಡದು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ವಿದ್ಯಾರ್ಥಿಗಳಿಗೆ ಈ ಪದವಿ ವ್ಯಾಸಂಗದ ಬಾಗಿಲು ತೆರೆದಿದೆ. ತಮ್ಮ ಊರಿನ ಜಗಲಿ, ಹೊಸ್ತಿಲು, ತೋಟದ ದಾರಿಗಳನ್ನು ಬಲ್ಲ ತರುಣ ತರುಣಿಯರು ಈ ವಿದ್ಯೆಯನ್ನು ಕಲಿತು ಮರಳಿದರೆ, ಹಾಸಿಗೆ ಹಿಡಿದವರಲ್ಲಿ ಅನೇಕರು ಮತ್ತೆ ತಮ್ಮ ಕೈಯಿಂದ ಉಂಡು, ತಮ್ಮ ಕಾಲ ಮೇಲೆ ಅಂಗಳಕ್ಕೆ ಬರುವಂತಾದೀತು.