ಆಶ್ರಮದ ಲೆಕ್ಕಪತ್ರ ಸರಿ, ಬಚ್ಚಲದ ಗತಿ ಏನು?

ಅಕ್ಕಲಕೋಟ: ಹೊರಗೆ ತುಳಸಿ ಕಟ್ಟೆ, ಒಳಗೆ ಸ್ವಾಮಿ ಸಮರ್ಥರ ಫೋಟೊ. ಮೂರು ಕೋಣೆ, ಹನ್ನೆರಡು ಮಂಚ, ಒಂದೇ ಬಚ್ಚಲ. ತಾಲ್ಲೂಕಿನ ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿರುವ ಈ ಪುಟ್ಟ ವೃದ್ಧಾಶ್ರಮದಲ್ಲಿ ಊಟಕ್ಕೆ ಕೊರತೆ ಇಲ್ಲ. ರೊಟ್ಟಿ, ಪಲ್ಯ, ಅನ್ನ, ಸಾರು ಹೊತ್ತಿಗೆ ಸರಿಯಾಗಿ ಬರುತ್ತದೆ. ನಡೆಸುವವರೂ ಕೆಟ್ಟವರೇನಲ್ಲ. ಆದರೆ ಇಲ್ಲಿನ ಅಜ್ಜಿಯೊಬ್ಬರು ಸಂಜೆ ಆರರ ನಂತರ ನೀರನ್ನೇ ಕುಡಿಯುವುದಿಲ್ಲ.

'ಕುಡದರ ರಾತ್ರಿ ಏಳಬೇಕಾಗ್ತದ. ಬಚ್ಚಲದಾಗ ಫರಸಿ ಹಸಿ ಇರ್ತದ, ಹಿಡೀಲಿಕ್ಕ ಏನೂ ಇಲ್ಲ. ನನ್ನ ಬಾಜೂ ಮಂಚದಾಕಿ ಬಿದ್ದು ಟೊಂಕ ಮುರಕೊಂಡ್ಳು, ಮತ್ತ ಏಳ್ಲೇ ಇಲ್ಲ' ಎನ್ನುತ್ತಾರೆ ಅವರು. ಕಿಟಕಿಯ ಸರಳಿಗೆ ಹಳೆ ಸೀರೆಯ ಪಟ್ಟಿಯೊಂದನ್ನು ತಾವೇ ಕಟ್ಟಿಕೊಂಡಿದ್ದಾರೆ. ಅದನ್ನು ಹಿಡಿದೇ ಏಳಬೇಕು.

ಗೋಡೆಗೆ ಒಂದು ಉಕ್ಕಿನ ಹಿಡಿಕೆ ಕೂಡಿಸುವುದು ದೊಡ್ಡ ಖರ್ಚಲ್ಲ. ಕೂಡಿಸಿ ಎಂದು ಕೇಳಿದವರು ಯಾರೂ ಇಲ್ಲ, ಅಷ್ಟೇ.

ಕೇಳುವವರು ಯಾರು?

ಸಂಸ್ಥೆಯ ನೋಂದಣಿ ಆಗಿದೆ. ಸಾರ್ವಜನಿಕ ಟ್ರಸ್ಟ್‌ಗಳ 1950ರ ಕಾಯ್ದೆ ಪ್ರಕಾರ ಧರ್ಮಾದಾಯ ಆಯುಕ್ತರ ಕಚೇರಿಗೆ ಪ್ರತಿವರ್ಷ ಆಡಿಟ್ ರಿಪೋರ್ಟ್ ಹೋಗುತ್ತದೆ. ಅನುಸೂಚಿ 8ರಲ್ಲಿ ಆಸ್ತಿ-ಹೊಣೆ, 9ರಲ್ಲಿ ಆದಾಯ-ವೆಚ್ಚ. ಬಿ.ಕಾಂ. ಓದಿದವನಿಗೆ ಇಂಥ ಹಾಳೆ ಕಣ್ಣಿಗೆ ತಂಪು, ಎರಡೂ ಬದಿ ಪೈಸೆಗೆ ಪೈಸೆ ಕೂಡುತ್ತದೆ. ಆದರೆ ರಾತ್ರಿ ಯಾರು ಎಚ್ಚರ ಇರುತ್ತಾರೆ, ಬಾಗಿಲಿನ ಕೀಲಿ ಯಾರ ಬಳಿ ಇರುತ್ತದೆ ಎಂಬ ಕಾಲಂ ಅದರಲ್ಲಿಲ್ಲ.

ಮಕ್ಕಳ ಆಶ್ರಮವಾದರೆ ಮಾತೇ ಬೇರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮಾನಸಿಕ ಅಸ್ವಸ್ಥರನ್ನು ಇಟ್ಟುಕೊಳ್ಳುವ ಕೇಂದ್ರಗಳಿಗೂ 2017ರ ಕಾಯ್ದೆಯ ನೋಂದಣಿ ಬೇಕು, ಸರಪಳಿ ಹಾಕುವಂತಿಲ್ಲ. ಅಷ್ಟರೊಳಗೆ ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರ ಬೆಂಕಿಯಲ್ಲಿ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ 28 ಜೀವ ಹೋಗಿದ್ದವು.

ವೃದ್ಧರಿಗೆ ಇರುವುದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕರಿಗಾದರೂ ಸಾಲುವ ವೃದ್ಧಾಶ್ರಮವನ್ನು ಸರಕಾರ 'ಸ್ಥಾಪಿಸಬಹುದು' ಎನ್ನುತ್ತದೆ ಅದರ 19ನೇ ಕಲಂ. ಸ್ಥಾಪಿಸಲೇಬೇಕು ಎಂದಿಲ್ಲ. ಸೋಲಾಪುರ ಜಿಲ್ಲೆಯ ಜನಸಂಖ್ಯೆಯೋ 2011ರ ಜನಗಣತಿಯಲ್ಲೇ 43 ಲಕ್ಷ. ಖಾಸಗಿ ಆಶ್ರಮಗಳ ನೋಂದಣಿ, ಕನಿಷ್ಠ ಸೌಲಭ್ಯ ಇವೆಲ್ಲ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿದ್ದವು. ಅದು ಪಾಸಾಗಲೇ ಇಲ್ಲ. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು.

ಅದೇ 2024ರಲ್ಲಿ ಮಹಾರೇರಾ ಹಿರಿಯರ ವಸತಿ ಯೋಜನೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಗಾಲಿಕುರ್ಚಿ ಹೋಗುವಂಥ ಬಾಗಿಲು, ಜಾರದ ಟೈಲ್ಸ್, ಬಚ್ಚಲದಲ್ಲಿ ಹಿಡಿಕೆ ಎಲ್ಲ ಅದರಲ್ಲಿದೆ. ಆದರೆ ಅದು ಬಿಲ್ಡರ್ ಕಟ್ಟಿ ಮಾರುವ ಫ್ಲಾಟುಗಳಿಗೆ. ಪುಣೆಯಲ್ಲಿ ಫ್ಲಾಟ್ ಕೊಳ್ಳುವ ಅಜ್ಜನಿಗೆ ಹಿಡಿಕೆ ಉಂಟು, ನಮ್ಮ ಕಡೆಯ ಅಜ್ಜಿಗೆ ಸೀರೆಯ ಪಟ್ಟಿ!

ರಾತ್ರಿಯ ಕೀಲಿ

ಇಲ್ಲಿ ರಾತ್ರಿ ಎಂಟಕ್ಕೆ ಹೊರಬಾಗಿಲಿಗೆ ಹೊರಗಿನಿಂದ ಕೀಲಿ ಬೀಳುತ್ತದೆ. ಮರೆವಿನ ಅಜ್ಜನೊಬ್ಬ ಎದ್ದು ಹೋಗಿ ಎಸ್.ಟಿ. ಸ್ಟ್ಯಾಂಡಿನಲ್ಲಿ ಸಿಕ್ಕ ಮೇಲೆ ಈ ಪದ್ಧತಿ ಬಂತಂತೆ. ಕಾರಣ ಒಪ್ಪುವಂಥದ್ದೇ. ಆದರೆ ಕೀಲಿ ಇರುವುದು ಎದುರು ಓಣಿಯಲ್ಲಿ ಮಲಗುವ ವ್ಯವಸ್ಥಾಪಕರ ಬಳಿ. ಕಿಟಕಿಗಳಿಗೆಲ್ಲ ಗ್ರಿಲ್. 2023ರ ಜನವರಿ 1ರಂದು ದಿಲ್ಲಿಯ ಗ್ರೇಟರ್ ಕೈಲಾಶದ ವೃದ್ಧರ ಆರೈಕೆ ಕೇಂದ್ರದಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. ಅದು ರಾಜಧಾನಿಯ ಶ್ರೀಮಂತ ಬಡಾವಣೆ. ಇಲ್ಲಿ ಹಾಗಾದರೆ ಗತಿ ಏನು ಎಂದು ಕೇಳಿದ್ದಕ್ಕೆ ವ್ಯವಸ್ಥಾಪಕರು 'ಇನ್ನೊಂದು ಕೀಲಿ ಮಾಡಸೂಣ್ರಿ' ಎಂದರು.

ಭಾಷೆಯದೂ ಒಂದು ತೊಡಕು. ರಾತ್ರಿ ಪಾಳಿಯ ಮಾವಶಿ ಬಾರ್ಶಿ ಕಡೆಯವರು, ಮರಾಠಿ ಬಿಟ್ಟು ಬೇರೆ ಬರುವುದಿಲ್ಲ. ಹಳ್ಳಿಯಿಂದ ಬಂದ ಅಜ್ಜಿಯರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಒಬ್ಬರು 'ಎದಿ ಒತ್ತಲಿಕ್ಕತ್ತದ' ಎಂದಾಗ ಮಾವಶಿ ಪಿತ್ತದ ಗುಳಿಗೆ ಕೊಟ್ಟು ಮಲಗಿಸಿದ್ದರು. ಬೆಳಗ್ಗೆ ಬಂದ ಅಡುಗೆಯಾಕೆಗೆ ಮಾತು ತಿಳಿದದ್ದರಿಂದ ಆಸ್ಪತ್ರೆಗೆ ಹೋದರು, ಉಳಿದರು. ಎದೆ, ಉಸಿರು, ಚಕ್ಕರ, ಮೂತ್ರ ಇಂಥ ಹತ್ತು ಮಾತುಗಳನ್ನು ಎರಡೂ ಭಾಷೆಯಲ್ಲಿ ಮಾವಶಿಗೆ ಕಲಿಸಲು ಒಂದು ಸಂಜೆ ಸಾಕು.

ವ್ಯವಸ್ಥಾಪಕರ ಕಷ್ಟವೂ ಸುಳ್ಳಲ್ಲ. 'ಹುಟ್ಟುಹಬ್ಬಕ್ಕ ಬಂದು ಬಾಳೆಹಣ್ಣು, ಶಾಲು ಕೊಟ್ಟು ಫೋಟೊ ತಗಸ್ಕೊಂಡು ಹೋಗ್ತಾರ. ಬಾಡಗಿ, ಮಾವಶಿ ಪಗಾರ ಯಾರೂ ಕೇಳೂದಿಲ್ಲ. ಬಿಗಿ ಮಾಡಿ ಮುಚ್ಚಸಿದ್ರ ಈ ಹನ್ನೆರಡು ಮಂದಿ ಎಲ್ಲಿ ಹೋಗ್ಬೇಕು ಹೇಳ್ರಿ?' ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮನೆಯವರೂ ದೂರು ಕೊಡಲು ಹೆದರುವುದು ಇದಕ್ಕೇ. ನಾಳೆ 'ನಿಮ್ಮವರನ್ನ ಕರಕೊಂಡು ಹೋಗ್ರಿ' ಎಂದರೆ?

ಹಿರಿಯರನ್ನು ಬಿಡಲು ಬರುವವರು ತಿಂಗಳ ಫೀ, ಊಟ ವಿಚಾರಿಸಿ ಹೋಗುತ್ತಾರೆ. ಬಚ್ಚಲಕ್ಕೆ ಒಮ್ಮೆ ಬರಿಗಾಲಲ್ಲಿ ಹೋಗಿ ನೋಡುವವರು ಕಡಿಮೆ. ರಾತ್ರಿ ಎಂಟರ ನಂತರ ಒಮ್ಮೆ ಬಂದರೆ ಕೀಲಿಯ ಸಂಗತಿಯೂ ತಿಳಿದೀತು.

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ಕರೆ ಉಚಿತ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಕಾಯ್ದೆಯಡಿ ಪ್ರಾಂತಾಧಿಕಾರಿ ದರ್ಜೆಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಈ ಆಶ್ರಮದ ಗೋಡೆಯ ಮೇಲೆ ದಾನಿಗಳ ಹೆಸರಿನ ಫಲಕ ಇದೆ, ಸಹಾಯವಾಣಿ ನಂಬರ್ ಇಲ್ಲ.