ಮುತ್ತಜ್ಜನ ಊರು ಹುಡುಕುವುದು ಹೇಗೆ?

ಕೊಟ್ರೇಶ ಎಂಬ ಹೆಸರು ಎಲ್ಲೇ ಕಿವಿಗೆ ಬೀಳಲಿ, ನಮ್ಮ ಕಡೆಯವರು ತಿರುಗಿ ನೋಡುತ್ತಾರೆ. ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಅಂದರೆ ಕೊಟ್ಟೂರು ಬಸವೇಶ್ವರನಿಗೆ ನಡೆದುಕೊಳ್ಳುವ ಮನೆ. ಮೈಲಾರಪ್ಪ ಅಂದರೆ ಹಡಗಲಿ ತಾಲ್ಲೂಕಿನ ಮೈಲಾರ. ಉಚ್ಚೆಂಗೆಪ್ಪ, ಉಚ್ಚೆಂಗೆಮ್ಮ ಅಂದರೆ ಹರಪನಹಳ್ಳಿ ಕಡೆಯ ಉಚ್ಚಂಗಿದುರ್ಗ. ಬೆಂಗಳೂರಲ್ಲೋ ಮುಂಬಯಿಯಲ್ಲೋ ಟೊರಾಂಟೊದಲ್ಲೋ ಮೂರನೇ ತಲೆಮಾರು ಬೆಳೆಯುತ್ತಿರುವ ಮನೆಯಲ್ಲಿ ಊರಿನ ನೆನಪು ಅಳಿಸಿಹೋಗಿದ್ದರೂ ಇಂಥದೊಂದು ಹೆಸರು ಉಳಿದಿರುತ್ತದೆ. ಹುಡುಕಾಟ ಅಲ್ಲಿಂದ ಶುರುವಾಗಲಿ.

ಆದರೆ ಬರೀ ಹೆಸರು ನಂಬಿ ಹೊರಟರೆ ಕೆಟ್ಟಿರಿ. ಊರಿಗೆ ಹತ್ತು ಜನ ಕೊಟ್ರಪ್ಪ ಇರುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಬೇರೆ. ಕೊಟ್ರಪ್ಪನ ಮಗ ಬಸಪ್ಪ, ಬಸಪ್ಪನ ಮಗ ಕೊಟ್ರಪ್ಪ, ಅವನ ಮಗ ಮತ್ತೆ ಬಸಪ್ಪ. ಹಳೇ ಕಾಗದದಲ್ಲಿ 'ಬಸಪ್ಪ ತಂದೆ ಕೊಟ್ರಪ್ಪ' ಎಂದು ಕಂಡರೆ ಅವನು ಅಜ್ಜನೋ, ಅಜ್ಜನ ಅಜ್ಜನೋ, ವರ್ಷ ನೋಡದೆ ಹೇಳಲಾಗದು.

ಕೆನಡಾಕ್ಕೆ ಹೋಗಿ ನೆಲೆಸಿದ ಐರ್ಲೆಂಡಿನವರ ಮೊಮ್ಮಕ್ಕಳದೂ ಇದೇ ಪಾಡು. ಅಲ್ಲೂ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುತ್ತಿದ್ದರು. ಸಾಲದ್ದಕ್ಕೆ 1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರಕ್ಕೆ ಬೆಂಕಿ ಬಿದ್ದು, ಹತ್ತೊಂಬತ್ತನೇ ಶತಮಾನದ ಜನಗಣತಿಯ ಹಾಳೆಗಳಲ್ಲಿ ಉಳಿದಿದ್ದವೂ ಬಹುತೇಕ ಸುಟ್ಟುಹೋದವು. ಹಾಗಾಗಿ ಅವರು 1847ರಿಂದ 1864ರ ನಡುವೆ ಗ್ರಿಫಿತ್ ಎಂಬ ಅಧಿಕಾರಿ ಮಾಡಿಸಿದ ಜಮೀನು-ಮನೆಗಳ ತೆರಿಗೆ ಪಟ್ಟಿ ಹಿಡಿದು ಅಜ್ಜಂದಿರನ್ನು ಹುಡುಕುತ್ತಾರೆ. ನಮ್ಮಲ್ಲಿ ಬೆಂಕಿ ಬೀಳಬೇಕಾಗಿಲ್ಲ, ಜನಗಣತಿಯ ಮನೆವಾರು ಹಾಳೆಗಳನ್ನು ಕಾನೂನೇ ಯಾರಿಗೂ ತೋರಿಸುವುದಿಲ್ಲ. ನಮಗೂ ಜಮೀನಿನ ಕಾಗದವೇ ಗತಿ.

ಕೈಗೆ ಸುಲಭಕ್ಕೆ ಸಿಗುವುದು ಪಹಣಿ. ಅದರ 9ನೇ ಕಾಲಮ್ಮಿನಲ್ಲಿ ಖಾತೆದಾರನ ಹೆಸರು, 10ರಲ್ಲಿ ಅದು ಅವನಿಗೆ ಹೇಗೆ ಬಂತೆಂಬ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು. ಆ ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಷನ್ ನಕಲಿಗೆ ಅರ್ಜಿ ಹಾಕಿ. 'ಪೌತಿ' ಎಂದಿದ್ದರೆ ಅದೃಷ್ಟ. ಪೌತಿ ಖಾತೆ ಎಂದರೆ ಖಾತೆದಾರ ಸತ್ತಮೇಲೆ ವಾರಸುದಾರರ ಹೆಸರಿಗೆ ಜಮೀನು ಮಾಡಿಸಿದ್ದು; ಕಡತದ ಜೊತೆ ಸಾಮಾನ್ಯವಾಗಿ ವಂಶವೃಕ್ಷವೊಂದು ಇರುತ್ತದೆ. ಒಂದು ಪೌತಿಯಿಂದ ಹಿಂದಿನ ಪೌತಿಗೆ ಮೆಟ್ಟಿಲು ಇಳಿದಂತೆ ಇಳಿಯಬಹುದು. ನಕಲು ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಇದ್ದೇ ಇದೆ.

ಐವತ್ತರ ದಶಕಕ್ಕೆ ಬಂದ ಕೂಡಲೇ ಮೆಟ್ಟಿಲು ತಪ್ಪುತ್ತದೆ, ಯಾಕೆಂದರೆ ಊರು ನಿಂತಲ್ಲೇ ನಿಂತಿದ್ದರೂ ಅದರ ಸರ್ಕಾರ ಬದಲಾಗುತ್ತಾ ಬಂದಿದೆ. 1800ರಲ್ಲಿ ನಿಜಾಮ ನಮ್ಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮದ್ರಾಸಿನ ಆಡಳಿತದಲ್ಲಿದ್ದವು. ಕೊಟ್ಟೂರು ಮೊನ್ನೆ ಮೊನ್ನೆಯವರೆಗೆ ಕೂಡ್ಲಿಗಿ ತಾಲ್ಲೂಕಿನದು. ಹಗರಿಬೊಮ್ಮನಹಳ್ಳಿ ಆಗ ತಾಲ್ಲೂಕೇ ಅಲ್ಲ, ಅದರ ಹಳ್ಳಿಗಳನ್ನು ಸುತ್ತಲಿನ ತಾಲ್ಲೂಕುಗಳ ಹೆಸರಿನಲ್ಲಿ ಹುಡುಕಬೇಕು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸು ಬಂದು, 2021ರಲ್ಲಿ ಇಲ್ಲಿ ಹೆಸರಿಸಿದ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆ ಸೇರಿತು. 'ಆ ಫೈಲು ಇಲ್ಲಿಲ್ಲ' ಎಂಬ ಗುಮಾಸ್ತರ ಮಾತು ಎಷ್ಟೋ ಸಲ ನಿಜವೇ. ಯಾವ ವರ್ಷದ ಕಾಗದ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಗ ಊರು ಯಾರ ಕೈಯಲ್ಲಿತ್ತೆಂದು ನೋಡಿ, ಆಮೇಲೆ ಬಸ್ಸು ಹತ್ತಿ.

ವರ್ಷದ್ದೂ ಒಂದು ತೊಡಕಿದೆ. ಮದ್ರಾಸಿನ ಕಾಲದ ಕಂದಾಯದ ಕಾಗದಗಳಲ್ಲಿ ಇಸವಿಯ ಬದಲು ಫಸಲಿ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1350 ಎಂದರೆ 1940ರ ಜುಲೈಯಿಂದ 1941ರ ಜೂನ್‌ವರೆಗೆ. ಹಳಬರ ಬಾಯಲ್ಲಿ, ಮನೆಯ ಲೆಕ್ಕದ ಪುಸ್ತಕಗಳಲ್ಲಿ ಸಂವತ್ಸರದ ಹೆಸರು ಬರುತ್ತದೆ. ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಎಚ್ಚರ ಬೇಕು. 'ಧಾತು ಈಶ್ವರದ ಬರದಾಗ ನಮ್ಮೋರು ಈ ಊರಿಗೆ ಬಂದ್ರಂತೆ' ಎಂಬ ಮಾತು ಮಾತ್ರ ಗಟ್ಟಿ. ಅದು 1876ರಿಂದ 78ರ ಮಹಾ ಬರ. ಬಳ್ಳಾರಿ ಸೀಮೆಯಲ್ಲಿ ಊರೂರೇ ಬರಿದಾದ ಕಾಲ; ಗುಳೆ ಹೋದ ಎಷ್ಟೋ ಮನೆತನಗಳ ಹೊಸ ಊರಿನ ಕತೆ ಅಲ್ಲಿಂದಲೇ ತೊಡಗುತ್ತದೆ.

ಆ ಬರಕ್ಕೂ ಹಿಂದೆ ಹೋಗಲು ನಾನು ಎಲ್ಲಕ್ಕಿಂತ ಮೇಲೆ ಇಡುವ ದಾಖಲೆ ಇನಾಂ ಫೇರ್ ರಿಜಿಸ್ಟರು. 1858ರ ಬಳಿಕ ಮದ್ರಾಸ್ ಸರ್ಕಾರ ಇನಾಂ ಕಮಿಷನ್ ಕೂರಿಸಿ, ಇನಾಮು (ಕಂದಾಯ ಬಿಟ್ಟೋ ಇಳಿಸಿಯೋ ಕೊಟ್ಟ ಜಮೀನು) ಅನುಭವಿಸುತ್ತಿದ್ದವರನ್ನೆಲ್ಲ ವಿಚಾರಣೆ ಮಾಡಿಸಿತು. ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು, ಈಗ ಉಣ್ಣುತ್ತಿರುವವನಿಗೂ ಮೂಲದವನಿಗೂ ಏನು ಸಂಬಂಧ, ಎಲ್ಲವೂ ಅದರಲ್ಲಿ ದಾಖಲು. ಇದು ಮಠ, ಶಾನುಭೋಗರ ಮನೆಗಳಿಗಷ್ಟೇ ಸೇರಿದ್ದೆಂದು ತಿಳಿಯಬೇಡಿ. ತಳವಾರ, ತೋಟಿಯರಂಥ ಊರ ಚಾಕರಿಯವರಿಗೂ ಇನಾಂ ಹೊಲವಿತ್ತು. ಪಟ್ಟಾದ ಪುಸ್ತಕದಲ್ಲಿ ಹೆಸರೇ ಇಲ್ಲದ ದಲಿತ, ನಾಯಕ ಮನೆತನಗಳು ಹೀಗಾಗಿ ಇಲ್ಲಿ ಸಿಕ್ಕಿಬಿಡುವುದುಂಟು. ತಾಲ್ಲೂಕಿನಲ್ಲಿ ಸಿಗದಿದ್ದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಬಾಗಿಲು ತಟ್ಟಬೇಕು.

ತುಂಗಭದ್ರೆಯ ದಂಡೆಯವರಿಗೆ ಮತ್ತೊಂದು ದಾರಿ ಇದೆ. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟೆಯ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದರು. ಮುಳುಗಿದ ಊರಿಗೆ ಈಗ ಪಹಣಿ ಇಲ್ಲ, ಗುಡಿ ಇಲ್ಲ, ಕೇಳಲು ನೆರೆಮನೆಯೂ ಇಲ್ಲ. ಆದರೆ ಪರಿಹಾರ ಕೊಡಲು ಸರ್ಕಾರ ಒಬ್ಬೊಬ್ಬರ ಹೊಲ, ಮನೆಗಳನ್ನು ಎಣಿಸಿ ಬರೆದುಕೊಂಡಿತ್ತು. ಆ ಭೂಸ್ವಾಧೀನದ ಕಡತವನ್ನು ಊರಿನ ಹಳೇ ಹೆಸರು ಹೇಳಿ ಕೇಳಬೇಕು. ಹೊಸ ಊರಿನ ಹೆಸರು ಹೇಳಿದರೆ ಯಾರಿಗೂ ಏನೂ ಸಿಗುವುದಿಲ್ಲ.

ಇಷ್ಟೆಲ್ಲ ಅಲೆದರೂ ಕೈಗೆ ಬರುವುದು ಹೊಲದ ಕತೆ. ಹೊಲವಿಲ್ಲದವರು ಕಾಗದದಲ್ಲಿ ಅಪರೂಪ, ಹೆಂಗಸರು ಇನ್ನೂ ಅಪರೂಪ. ಅದಕ್ಕೇ ಕಚೇರಿಗೆ ಹೋಗುವ ಮುಂಚೆ ಮನೆಯ ಟ್ರಂಕು ತೆಗೆಯಿರಿ. ಹಳೇ ಲಗ್ನಪತ್ರಿಕೆ ಸಿಕ್ಕರೆ ಬೀಗರ ಊರು ಸಿಕ್ಕಿತು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಊರ ಸಮೇತ ಬರೆದಿಟ್ಟ ನೋಟ್‌ಬುಕ್ಕು ಸಿಕ್ಕರಂತೂ ಇಡೀ ಬಳಗವೇ ಸಿಕ್ಕಿದಂತೆ. ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಊರು ನಂಬಬಹುದು. ಹುಟ್ಟಿದ ತಾರೀಖನ್ನು ನಂಬಬೇಡಿ. ನಮ್ಮ ಕಡೆ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು, ಮೇಷ್ಟ್ರ ಕೃಪೆ! ದೇವದಾಸಿ ಪದ್ಧತಿಗೆ ಸಿಕ್ಕಿದ್ದ ಮನೆಗಳಲ್ಲಿ ತಂದೆಯ ಕಾಲಮ್ಮು ಖಾಲಿ ಇದ್ದರೆ ಅಲ್ಲಿಗೇ ನಿಲ್ಲಬೇಕಾಗಿಲ್ಲ, ತಾಯಿ, ತಾಯಿಯ ತಾಯಿ ಎಂದು ಹಿಂದಕ್ಕೆ ಹೋಗಿ. ಮನೆಯ ಹಿರೀಕರನ್ನು ಕೂರಿಸಿಕೊಂಡು ಕೇಳುವಾಗಲೂ 'ನಮ್ಮ ವಂಶ ಯಾವುದು' ಎನ್ನಬೇಡಿ. 'ಅವ್ವ, ನಿನ್ನ ತವರು ಯಾವುದು, ನಿಮ್ಮತ್ತೆ ತವರು ಯಾವುದು, ಮನೆದೇವರಿಗೆ ಎಲ್ಲಿಗೆ ಹೋಗ್ತಿದ್ರಿ' ಎಂದು ಕೇಳಿ. ಮನೆದೇವರು ಸುಳ್ಳು ಹೇಳುವುದಿಲ್ಲ. ಊರು ಬಿಟ್ಟವರೂ ದೇವರನ್ನು ಬಿಟ್ಟದ್ದು ಕಡಿಮೆ.

ಇನ್ನು ಹೆಳವರು. ಎತ್ತಿನ ಮೇಲೆ ಕಾಲು ಕಾಣದಂತೆ ಕಂಬಳಿ ಹೊದ್ದು ಕೂತು, ಗಂಟೆ ಬಾರಿಸುತ್ತ ಸುಗ್ಗಿಯ ಹೊತ್ತಿಗೆ ಬಾಗಿಲಿಗೆ ಬರುತ್ತಿದ್ದ ಇವರ ಕಸುಬೇ ವಂಶಾವಳಿ ಹೇಳುವುದು. ಲಿಂಗಾಯತ, ಕುರುಬ ಮೊದಲಾದ ಒಕ್ಕಲು ಮನೆಗಳನ್ನು ತಮ್ಮೊಳಗೆ ಹಂಚಿಕೊಂಡು, ಮೂಲಪುರುಷ ಯಾರು, ಬೆಡಗು ಯಾವುದು, ಯಾವ ಊರಿಂದ ಯಾವ ಊರಿಗೆ ಬಂದರು, ಅಣ್ಣತಮ್ಮಂದಿರು ಎಲ್ಲಿ ಒಡೆದರು ಎಂದು ತಲೆಮಾರುಗಳಿಂದ ಒಪ್ಪಿಸುತ್ತ ಬಂದಿದ್ದಾರೆ. ಓಲೆಗರಿಯಲ್ಲಿದ್ದದ್ದು ಪುಸ್ತಕಕ್ಕೆ ಇಳಿದಿದೆ. ಲಂಬಾಣಿ ತಾಂಡಾಗಳಲ್ಲಿ ಇದೇ ಕೆಲಸ ಢಾಡಿಗಳದು. ಹೆಳವರ ಮಾತಿನಲ್ಲಿ ಮೂಲಪುರುಷನ ಶೌರ್ಯಕ್ಕೆ ತುಸು ಬಣ್ಣ ಹೆಚ್ಚು. ಅವನ ಕತೆಯನ್ನು ಕತೆಯಾಗಿಯೇ ಕೇಳಬೇಕು. ಈಚಿನ ನಾಲ್ಕೈದು ತಲೆಮಾರನ್ನು ಪೌತಿ ಖಾತೆಯ ಜೊತೆ ಹೋಲಿಸಿ ನೋಡಿ. ತಾಳೆಯಾಗದಿದ್ದರೆ ಹೆಳವನದೇ ತಪ್ಪೆಂದು ತೀರ್ಮಾನಿಸಬೇಡಿ, ಪಾಲು ತಪ್ಪಿಸಲು ವಂಶವೃಕ್ಷದಿಂದಲೇ ತಮ್ಮನನ್ನು ಕಿತ್ತುಹಾಕಿದ ಅಣ್ಣಂದಿರೂ ಉಂಟು.

ನಿಮ್ಮ ಮನೆಯ ಹೆಳವ ಯಾರೆಂದು ನಿಮಗೆ ಗೊತ್ತಿಲ್ಲದಿದ್ದರೂ ಊರಲ್ಲಿ ಉಳಿದ ದಾಯಾದಿಗಳಿಗೆ ಗೊತ್ತಿರುತ್ತದೆ. ಈ ಸಲ ಅವನು ಬಂದಾಗ ಒಂದು ಫೋನು ಮಾಡಲು ಹೇಳಿಡಿ. ಹೇಳಿದ್ದನ್ನು ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ, ಅವನ ಕಾಣಿಕೆಯನ್ನು ಮರೆಯದೆ ಕಳಿಸಿ. ಟೊರಾಂಟೊದಲ್ಲಿ ಹುಟ್ಟಿದ ಮೊಮ್ಮಗಳ ಹೆಸರನ್ನೂ ಪುಸ್ತಕಕ್ಕೆ ಬರೆಸಿ. ಹೆಣ್ಣುಮಕ್ಕಳ ಹೆಸರು ಬರೆಯುವ ರೂಢಿ ಇಲ್ಲ ಎಂದಾನು, ಬಿಡಬೇಡಿ, ಬರೆಸಿ.