ನಿಮಗಿದು ಗೊತ್ತೇ? ಹಳೇ ಗುಲಾಬಿಗೆ ವೈರಸ್ ತಗುಲಿದರೆ

ಗುಲಾಬಿ ಗಿಡದೊಳಗೆ ಸೇರಿದ ವೈರಸ್ಸನ್ನು ಕೊಲ್ಲುವ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೇವಿನೆಣ್ಣೆಯಾಗಲಿ, ಶಿಲೀಂಧ್ರನಾಶಕವಾಗಲಿ ಅದಕ್ಕೆ ನಾಟುವುದಿಲ್ಲ. ಹಾಗೆಂದು ಗುದ್ದಲಿ ಹಿಡಿಯಲು ಆತುರ ಬೇಡ. ಬಂದಿರುವುದು ಯಾವ ವೈರಸ್ ಎಂಬುದರ ಮೇಲೆ ಗಿಡದ ಹಣೆಬರಹ ನಿಂತಿದೆ.

ಎಲೆಯ ಮೇಲೆ ಹಳದಿಯ ಅಂಕುಡೊಂಕು ಗೆರೆ, ಉಂಗುರ ಮೂಡಿದರೆ ಅದು ಮೊಸಾಯಿಕ್ ರೋಗ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಒಂದೇ ಸಮ ಹಳದಿಯಾದರೆ ಬಹುತೇಕ ಕಬ್ಬಿಣಾಂಶದ ಕೊರತೆ. ಮೊಸಾಯಿಕ್‌ನಲ್ಲಿ ಒಂದೇ ಕಡ್ಡಿಯ ಎರಡು ಎಲೆ ಚಿತ್ತಾರವಾಗಿ, ಮೂರನೆಯದು ಅಚ್ಚಹಸಿರಾಗಿರುವುದೂ ಉಂಟು.

ಇದಕ್ಕೆ ಕಾರಣವಾಗುವ ವೈರಸ್‌ಗಳಲ್ಲಿ ಒಂದು ಸೇಬಿನ ಗಿಡವನ್ನೂ, ಇನ್ನೊಂದು ಪ್ಲಮ್, ಚೆರ್ರಿ ಮರಗಳನ್ನೂ ಕಾಡುತ್ತದೆ.

ತಂಪು ಹವೆಯಲ್ಲಿ ಗೆರೆಗಳು ಎದ್ದು ಕಾಣುತ್ತವೆ, ಬಿಸಿಲೇರಿದಾಗ ಮರೆಯಾಗುತ್ತವೆ. ವಾಸಿಯಾಯಿತೆಂದು ನಂಬಬೇಡಿ, ವೈರಸ್ ಒಳಗೇ ಇರುತ್ತದೆ.

ಮೊಸಾಯಿಕ್ ಹರಡುವುದು ಮುಖ್ಯವಾಗಿ ಕಸಿಯಿಂದ. ರೋಗವಿದ್ದ ಗಿಡದ ಕಣ್ಣನ್ನು ತಂದು ಕಸಿ ಕಟ್ಟಿದರೆ, ಇಲ್ಲವೇ ಕಸಿಗೆ ಬಳಸಿದ ಬೇರುಗಿಡದಲ್ಲೇ ವೈರಸ್ ಇದ್ದರೆ, ಹೊಸ ಗಿಡ ಹುಟ್ಟುವಾಗಲೇ ರೋಗಿ. ಆದ್ದರಿಂದ ಹತ್ತು ವರ್ಷದ ಗಿಡದಲ್ಲಿ ಈಗ ಗೆರೆ ಕಂಡರೂ ಅದು ನರ್ಸರಿಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಪಕ್ಕದ ಗಿಡಕ್ಕೆ ಹಬ್ಬೀತೆಂದು ಹೆದರಿ ಹೂ ಬಿಡುತ್ತಿರುವ ಹಳೇ ಗುಲಾಬಿಯನ್ನು ಕಿತ್ತೆಸೆಯುವುದು, ನನ್ನ ಮಟ್ಟಿಗೆ, ದೊಡ್ಡ ಅನ್ಯಾಯ. ಹೂ ಕಡಿಮೆಯಾಗಬಹುದು, ಸಣ್ಣದಾಗಬಹುದು. ನೀರು, ಗೊಬ್ಬರ ಸರಿಯಾಗಿ ಸಿಕ್ಕರೆ ಗಿಡ ವರ್ಷಗಟ್ಟಲೆ ಬಾಳುತ್ತದೆ. ಒಂದೇ ಕಟ್ಟುನಿಟ್ಟು: ಅದರ ಕಡ್ಡಿಯನ್ನು ಯಾರಿಗೂ ಕೊಡಬೇಡಿ, ಚೆನ್ನಾಗಿ ಕಾಣುವ ಕೊಂಬೆಯದ್ದೂ ಬೇಡ.

ಅಪರೂಪದ ತಳಿಯನ್ನು ಉಳಿಸಿಕೊಳ್ಳಲು ಪ್ರಯೋಗಾಲಯಗಳಲ್ಲಿ ಗಿಡವನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಾಲ್ಕು ವಾರದಷ್ಟು ಕಾಲ ಇಟ್ಟು, ಆಮೇಲೆ ಅದರ ಕಣ್ಣುಗಳನ್ನು ವೈರಸ್ ಇಲ್ಲದ ಬೇರುಗಿಡಕ್ಕೆ ಕಸಿ ಮಾಡುತ್ತಾರೆ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದಕ್ಕೆ ಹೆಸರುವಾಸಿ.

ಆದರೆ ಇನ್ನೊಂದು ವೈರಸ್ ತರುವ ರೋಸೆಟ್ ರೋಗಕ್ಕೆ ಕರುಣೆ ತೋರಿಸುವಂತಿಲ್ಲ. ಪೊರಕೆಯಂತೆ ಗುಂಪುಗಟ್ಟಿದ ಚಿಗುರು, ಹಸಿರಿಗೆ ತಿರುಗದ ಕೆಂಪು, ದಪ್ಪಗಾದ ಕಾಂಡ, ಅದರ ತುಂಬ ಒತ್ತೊತ್ತಾಗಿ ಮೆತ್ತನೆಯ ಮುಳ್ಳು. ಗ್ಲೈಫೋಸೇಟ್ ಕಳೆನಾಶಕ ತಾಗಿದ ಗಿಡವೂ ಪೊರಕೆಯಂತೆ ಚಿಗುರುತ್ತದೆ, ಆದರೆ ಮುಳ್ಳು ಹೀಗೆ ಹೆಚ್ಚುವುದಿಲ್ಲ.

ಇದನ್ನು ಹೊತ್ತು ತರುವುದು ಬರಿಗಣ್ಣಿಗೆ ಕಾಣದ ನುಸಿ. ಬೇರೆ ನುಸಿಗಳಿಗೆ ಎಂಟು ಕಾಲು, ಇದಕ್ಕೆ ನಾಲ್ಕೇ. ರೆಕ್ಕೆಯಿಲ್ಲ, ಗಾಳಿಯೇ ವಾಹನ.

1940ರ ದಶಕದಿಂದಲೇ ಉತ್ತರ ಅಮೆರಿಕದಲ್ಲಿ ಕಂಡಿದ್ದ ಈ ರೋಗದ ಹಿಂದಿನ ವೈರಸ್ ಖಚಿತವಾಗಿ ಗೊತ್ತಾದದ್ದು 2011ರಲ್ಲಿ! ಮಣ್ಣಿನ ಸವಕಳಿ ತಡೆಯಲೆಂದು 1930ರ ದಶಕದಲ್ಲಿ ಅಮೆರಿಕ ಸರ್ಕಾರವೇ ನೆಡಿಸಿದ ಮಲ್ಟಿಫ್ಲೋರಾ ಎಂಬ ಏಷ್ಯಾದ ಕಾಡುಗುಲಾಬಿ ಅದಕ್ಕೆ ನೆಲೆಯಾಯಿತು. 2000ದಲ್ಲಿ ಮಾರುಕಟ್ಟೆಗೆ ಬಂದ 'ನಾಕ್ ಔಟ್' ಗುಲಾಬಿ ಕಪ್ಪುಚುಕ್ಕೆ ರೋಗವನ್ನು ಗೆದ್ದಿತು, ರೋಸೆಟ್‌ಗೆ ಸೋತಿತು. ಭಾರತದಲ್ಲೂ ಈ ವೈರಸ್ 2017ರಲ್ಲಿ ವರದಿಯಾಗಿದೆ.

ರೋಸೆಟ್ ಎಂದು ಖಾತ್ರಿಯಾದರೆ ಗಿಡಕ್ಕೆ ಮೊದಲು ಪ್ಲಾಸ್ಟಿಕ್ ಚೀಲ ಮುಚ್ಚಿ, ನುಸಿ ಹಾರದಿರಲಿ. ನಂತರ ಬೇರುಸಮೇತ ಅಗೆದು ತೆಗೆಯಿರಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ವೈರಸ್ ಬರಿಮಣ್ಣಿನಲ್ಲಿ ಉಳಿಯುವುದಿಲ್ಲ. ಬೇರಿನ ಒಂದು ತುಂಡೂ ಉಳಿಯದಂತೆ ಜಾಲಾಡಿದರೆ ಅದೇ ಜಾಗದಲ್ಲಿ ಮತ್ತೆ ಗುಲಾಬಿ ನೆಡಬಹುದು.